ಕಲ್ಪತರುವಿನ ನಾಡಿನಲ್ಲಿ ಮಂಜಿನ ಪಟ

ಕನ್ನಡದಲ್ಲಿ ಮಂಜು ಎಂಬ ಮಾತು ಒಂದೇ. ಅದು ಸೂಚಿಸುವ ವಸ್ತುಗಳು ಎರಡು. ಹಿಮಾಲಯದ ಕಣಿವೆಗಳಲ್ಲಿ ಮೊಳಕಾಲುದ್ದ ಬಿದ್ದು ದಾರಿ ಕಟ್ಟುವ ಬಿಳಿಯ ರಾಶಿಯೂ ಮಂಜು. ಮಾಗಿಯ ಬೆಳಗಿನಲ್ಲಿ ತಿಪಟೂರಿನ ತೆಂಗಿನ ತೋಟಗಳ ನಡುವೆ ಬಂದು ನಿಂತು, ಬಿಸಿಲು ಏರುತ್ತಲೇ ಹೇಳದೆ ಕೇಳದೆ ಹೊರಟುಹೋಗುವ ಬಿಳಿಯ ತೆರೆಯೂ ಮಂಜು. ಪಂಡಿತರು ಒಂದನ್ನು ಹಿಮವೆಂದೂ, ಇನ್ನೊಂದನ್ನು ಕಾವಳವೆಂದೂ, ಹುಲ್ಲಿನ ತುದಿಯ ಹನಿಯನ್ನು ಇಬ್ಬನಿಯೆಂದೂ ವಿಂಗಡಿಸಿಯಾರು. ಮನೆಯ ಮಾತಿನಲ್ಲಿ ಎಲ್ಲವೂ ಮಂಜೇ. ಋತುವಿನ ಹೆಸರೂ ಇದಕ್ಕೆ ಒಪ್ಪುತ್ತದೆ. ಮಾರ್ಗಶಿರ ಪುಷ್ಯಗಳ ಋತುವಿಗೆ ಹೇಮಂತವೆಂಬ ಹೆಸರು ಹಿಮದಿಂದ ಬಂದದ್ದು. ಹಿಮ ಬೀಳುವುದನ್ನು ಕಾಣದ ನಮ್ಮ ಸೀಮೆಯೂ ಆ ಹೆಸರನ್ನು ಸಂತೋಷದಿಂದ ಇಟ್ಟುಕೊಂಡಿದೆ. ವಿಚಿತ್ರವೇನೆಂದರೆ, ಕ್ಯಾಮರಾ ಎಂಬ ಯಂತ್ರವೂ ಈ ವಿಷಯದಲ್ಲಿ ಪಂಡಿತರನ್ನು ಬಿಟ್ಟು ಮನೆಯವರ ಪಕ್ಷವನ್ನೇ ಹಿಡಿದಿದೆ. ಅದರ ಕಣ್ಣಿಗೆ ಎರಡು ಮಂಜುಗಳೂ ಒಂದೇ ಬಗೆಯ ಸಂಕಟವನ್ನು ತರುತ್ತವೆ. ಎರಡಕ್ಕೂ ಪರಿಹಾರ ಒಂದೇ.

ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಸಂಸಾರ ಹೂಡಿದ್ದಾರೆ. ಜನವರಿ ತಿಂಗಳಲ್ಲಿ ಅವರಿಂದ ಪಟಗಳು ಬರುತ್ತವೆ: ಮನೆಯ ಮುಂದೆ ರಾಶಿ ಬಿದ್ದ ಹಿಮ, ಅದರ ನಡುವೆ ಉಣ್ಣೆಯ ಟೋಪಿ ತೊಟ್ಟು ನಗುತ್ತಿರುವ ಮೊಮ್ಮಗಳು. ಅಜ್ಜಿಯು ಅದನ್ನು ನೋಡಿ, "ಹಾಲು ಚೆಲ್ಲಿದ ಹಾಗೆ ಇರುತ್ತದೆ ಅಂತಿದ್ದಿರಲ್ಲ, ಇದೇನು ಒಲೆಯ ಬೂದಿಯ ಹಾಗಿದೆ!" ಎಂದರೆ ಆಶ್ಚರ್ಯವಿಲ್ಲ. ಆ ಬೂದಿಯ ಬಣ್ಣ ಹಿಮದ್ದಲ್ಲ, ಯಂತ್ರದ ಲೆಕ್ಕಾಚಾರದ್ದು. ತುರುವೇಕೆರೆಯ ಮಂಜಿನಲ್ಲಿ ತೆಗೆದ ಪಟಕ್ಕೂ ಇದೇ ಬೂದಿ ಬಣ್ಣ ಬರುತ್ತದೆ. ಆದುದರಿಂದ ಹಿಮದಲ್ಲಿ ಪಟ ತೆಗೆಯುವ ವಿದ್ಯೆಯ ಮೊದಲ ಪಾಠಕ್ಕೆ ಬದರಿ ಕೇದಾರಗಳವರೆಗೆ ಹೋಗಬೇಕಾದ್ದಿಲ್ಲ. ಧನುರ್ಮಾಸದ ಒಂದು ಬೆಳಗ್ಗೆ ತೆಂಗಿನ ಸೀಮೆಗೆ ಹೋದರೆ ಸಾಕು. ಅಲ್ಲಿ ಈ ವಿದ್ಯೆಯಿಂದ ಆಗಬೇಕಾದ ಒಂದು ಕೆಲಸವೂ ಇದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ತುಮಕೂರು, ಗುಬ್ಬಿ, ಬಾಣಸಂದ್ರಗಳನ್ನು ದಾಟುವ ಹೊತ್ತಿಗೆ ಕಿಟಕಿಯ ಎರಡು ಕಡೆಯಲ್ಲಿಯೂ ತೆಂಗು ಕಾಣತೊಡಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳನ್ನು ಜನ ಕಲ್ಪತರು ನಾಡೆಂದು ಕರೆಯುತ್ತಾರೆ. ತೆಂಗೆಂದರೆ ಕಡಲ ತೀರ ನೆನಪಾಗುವುದು ಸಹಜ. ಇಲ್ಲಿಯದಾದರೋ ಸಮುದ್ರಮಟ್ಟಕ್ಕಿಂತ ೮೦೦ ಮೀಟರಿಗೂ ಎತ್ತರದ ಬಯಲುಸೀಮೆಯ ತೆಂಗು. ಮಳೆ ಕಡಮೆ, ಕೆರೆ ಬಾವಿಗಳ ಆಶ್ರಯವೇ ಹೆಚ್ಚು. ಬಲಿತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಮೆ ಒಂದು ವರ್ಷ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಾಡಿಸಿದರೆ ಉಂಡೆ ಗಡಗಡ ಸದ್ದು ಮಾಡಿದಾಗ ಸುಲಿದು ಒಡೆದು ಇಡಿಯ ಕೊಬ್ಬರಿಯನ್ನು ಹೊರತೆಗೆಯುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಈ ಉಂಡೆ ಕೊಬ್ಬರಿಯೇ. ಮಗಳ ಮದುವೆ, ಮಗನ ಓದು, ಮನೆಯ ಮಾಳಿಗೆ, ಎಲ್ಲವೂ ಆ ಅಟ್ಟದಿಂದ ಇಳಿದು ಬಂದವು.

ಈ ಸೀಮೆಗೆ ಮಂಜು ಬರುವ ಬಗೆಯನ್ನು ತಿಳಿದುಕೊಂಡರೆ ಪಟ ತೆಗೆಯುವ ದಿನವನ್ನು ಮೊದಲೇ ಊಹಿಸಬಹುದು. ಹಿಂಗಾರು ಮಳೆ ಮುಗಿದು, ನೆಲದಲ್ಲಿ ಹಸಿ ಇನ್ನೂ ಉಳಿದಿದ್ದು, ಆಕಾಶ ತಿಳಿಯಾಗಿ ನಕ್ಷತ್ರಗಳು ಹೊಳೆಯುವ ರಾತ್ರಿಗಳಲ್ಲಿ ಭೂಮಿಯು ಹಗಲೆಲ್ಲ ಕುಡಿದ ಶಾಖವನ್ನು ಬೇಗ ಹೊರಕ್ಕೆ ಬಿಡುತ್ತದೆ. ನೆಲವನ್ನು ಮುಟ್ಟಿಕೊಂಡಿರುವ ಗಾಳಿ ತಣ್ಣಗಾಗಿ, ತನ್ನಲ್ಲಿರುವ ನೀರಿನ ಆವಿಯನ್ನು ಹೊರಲಾರದೆ ಸಣ್ಣ ಹನಿಗಳನ್ನಾಗಿ ಮಾಡಿ ತೇಲಿಬಿಡುತ್ತದೆ. ಗಾಳಿ ಬೀಸಿದರೆ ಇದು ನಿಲ್ಲದು. ಮೋಡ ಮುಸುಕಿದರೆ ನೆಲವೇ ಅಷ್ಟು ತಣಿಯದು. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿಗೆ ಇಳಿಯುತ್ತದೆ. ಕೆರೆಯ ಹಿಂದಿನ ತೋಟಗಳಲ್ಲಿ ಮಂಜು ದಟ್ಟವಾಗಿಯೂ, ದಿಣ್ಣೆಯ ಮೇಲಿನ ಹೊಲದಲ್ಲಿ ತೆಳುವಾಗಿಯೂ ಇರುವುದಕ್ಕೆ ಇದೇ ಕಾರಣ. ಹಿಂದಿನ ಸಂಜೆ ಮಳೆಯಾಗಿಯೋ ತೋಟಕ್ಕೆ ನೀರು ಹಾಯಿಸಿಯೋ ಇದ್ದು, ರಾತ್ರಿ ಗರಿ ಅಲುಗದೆ, ಚಳಿ ಹೆಚ್ಚಾಗಿದ್ದರೆ, ಮರುದಿನ ದೇವಸ್ಥಾನದಲ್ಲಿ ಧನುರ್ಮಾಸದ ಹುಗ್ಗಿಯ ನೈವೇದ್ಯಕ್ಕೆ ಗಂಟೆ ಬಾರಿಸುವ ಹೊತ್ತಿಗೆ ತೋಟದ ಬಾಗಿಲಲ್ಲಿರುವುದು ಒಳ್ಳೆಯದು. ಬಿಸಿಲು ಬಲಿತರೆ ಆಟ ಮುಗಿಯಿತು.

ಮಂಜಿನಲ್ಲಿ ಏನೂ ಕಾಣದಿರುವಾಗ ಪಟವೇಕೆ ಎಂದು ವಾಚಕರು ಕೇಳಬಹುದು. ನಡು ಹಗಲಿನಲ್ಲಿ ತೆಂಗಿನ ತೋಟದ ಪಟ ತೆಗೆದು ನೋಡಿದವರಿಗೆ ಉತ್ತರ ಗೊತ್ತು. ಪ್ರತಿಯೊಂದು ಗರಿಯೂ ಬಿಸಿಲಿನಲ್ಲಿ ಹೊಳೆಯುತ್ತದೆ. ಪ್ರತಿಯೊಂದು ಗರಿಯ ಕೆಳಗೂ ಕಪ್ಪು ನೆರಳು. ಹತ್ತಿರದ ಮರ, ಹಿಂದಿನ ಮರ, ಅದರ ಹಿಂದಿನ ಬಾಳೆ, ಬೇಲಿ, ವಿದ್ಯುತ್ತಿನ ತಂತಿ, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಪಟವು ಚಾಪೆಯ ಹಾಗಾಗುತ್ತದೆ. ನಮ್ಮ ಎರಡು ಕಣ್ಣುಗಳಿಗೆ ದೂರ ಹತ್ತಿರಗಳನ್ನು ಅಳೆಯುವ ಶಕ್ತಿಯಿದೆ. ಒಂದೇ ಕಣ್ಣಿನ ಕ್ಯಾಮರಾಕ್ಕೆ ಅದಿಲ್ಲ. ಮಂಜು ಬಂದಾಗ ಈ ಕೊರತೆ ತಾನಾಗಿ ತುಂಬುತ್ತದೆ. ಎದುರಿನ ಮರ ಕಪ್ಪಾಗಿ ನಿಲ್ಲುತ್ತದೆ. ಅದರ ಹಿಂದಿನ ಸಾಲು ಬೂದಿಯಾಗಿ, ಮೂರನೆಯದು ಹಾಲಿನಲ್ಲಿ ಬೆರಸಿದ ಮಸಿಯಂತೆ, ನಾಲ್ಕನೆಯದು ಇದೆಯೋ ಇಲ್ಲವೋ ಎಂಬಂತೆ. ಯಾವ ಮರ ಎಲ್ಲಿ ಬಾಗಿದೆ, ಯಾವುದರ ತಲೆ ಸಣ್ಣದಾಗಿದೆ, ಯಾವುದು ನೆಟ್ಟಗೆ ಹೋಗಿದೆ ಎಂಬುದು ಒಂದೊಂದಾಗಿ ತಿಳಿಯುತ್ತದೆ. ಗುಂಪಿನಲ್ಲಿ ಕಳೆದುಹೋಗಿದ್ದ ಮರಗಳಿಗೆ ಮಂಜು ಒಂದೊಂದು ಮುಖವನ್ನು ಕೊಡುತ್ತದೆ.

ನೊಣವಿನಕೆರೆಯ ಕಡೆಯ ಒಂದು ತೋಟದಲ್ಲಿ ಇದರ ಸತ್ಯವನ್ನು ಕಂಡೆ. ತೋಟದ ಯಜಮಾನರ ತಾಯಿ, ಎಂಬತ್ತು ದಾಟಿದ ಮುದುಕಿ, ತಲೆಗೆ ಸೆರಗು ಹೊದ್ದು ಬದುವಿನ ಮೇಲೆ ನಿಂತಿದ್ದರು. "ಮಂಜು ಕರಗಲಿ ಕಣಪ್ಪ, ಈಗ ತೆಗೆದರೆ ಏನು ಕಾಣುತ್ತದೆ?" ಎಂದರು. "ಇರಲಿ ಅಜ್ಜಿ, ಒಂದು ತೆಗೆದು ತೋರಿಸುತ್ತೇನೆ" ಎಂದೆ. ತೆಗೆದದ್ದನ್ನು ಅವರ ಕೈಗೆ ಕೊಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳು ಇಟ್ಟು ತೋರಿಸುತ್ತ ಹೋದರು: "ಇದು ನಮ್ಮ ಅತ್ತೆ ಇಟ್ಟದ್ದು. ಇದು ನಾನು ಈ ಮನೆಗೆ ಬಂದ ವರ್ಷ ಮಾವನವರು ಇಟ್ಟದ್ದು. ಈ ಸೊಟ್ಟ ಮರದ ಕಾಯಿಯನ್ನೇ ಬೀಜಕ್ಕೆ ಎತ್ತಿಡುತ್ತಿದ್ದೆವು. ಇಲ್ಲಿ ಎರಡು ಇದ್ದವು, ಸಿಡಿಲು ಬಡಿದು ಹೋದವು." ಪಕ್ಕದಲ್ಲಿದ್ದ ಮಗನು ಅಷ್ಟರವರೆಗೆ ಆ ಮಾತುಗಳನ್ನು ಕೇಳಿರಲಿಲ್ಲ. ತೋಟ ಅವನಿಗೆ ಇಷ್ಟು ಮರ, ಇಷ್ಟು ಕಾಯಿ ಎಂಬ ಲೆಕ್ಕವಾಗಿತ್ತು. ಆ ಬೆಳಗ್ಗೆ ಅದು ವಂಶಾವಳಿಯಾಯಿತು. "ಅಮ್ಮ, ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಸಬೇಕು" ಎಂದನು.

ಇಂತಹ ಪಟ ತೆಗೆಯಲು ದೊಡ್ಡ ಯಂತ್ರ ಬೇಕಿಲ್ಲ. ಕೈಯಲ್ಲಿರುವ ಫೋನೇ ಸಾಕು. ಆದರೆ ಅದರ ಸ್ವಭಾವವನ್ನು ಅರಿತಿರಬೇಕು. ಕ್ಯಾಮರಾ ತಾನು ಕಂಡ ದೃಶ್ಯದ ಬೆಳಕನ್ನು ಅಳೆದು, ಲೋಕವೆಲ್ಲ ಸರಾಸರಿ ನಡುವಣ ಬೂದು ಬಣ್ಣದ್ದು ಎಂದು ನಂಬಿಕೊಂಡು ಪಟವನ್ನು ಹದಗೊಳಿಸುತ್ತದೆ. ಮನೆ, ಮರ, ಮನುಷ್ಯರು ಬೆರೆತ ಸಾಧಾರಣ ದೃಶ್ಯಕ್ಕೆ ಈ ನಂಬಿಕೆ ಸರಿ. ಹೊಸದಾಗಿ ಬಿದ್ದ ಹಿಮವಾದರೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೮೦ಕ್ಕಿಂತಲೂ ಹೆಚ್ಚು ಪಾಲನ್ನು ಹಿಂದಕ್ಕೆ ಕೊಡುತ್ತದೆ. ಯಂತ್ರವು "ಇದು ಅತಿಯಾದ ಬೆಳಕು" ಎಂದು ಹೆದರಿ ಎಲ್ಲವನ್ನೂ ತಗ್ಗಿಸುತ್ತದೆ. ಹಿಮ ಬೂದಿಯಾಗುತ್ತದೆ, ಮೊಮ್ಮಗಳ ಮುಖ ಕಪ್ಪಾಗುತ್ತದೆ. ಮಂಜು ಮುಚ್ಚಿದ ತೋಟಕ್ಕೂ ಇದೇ ಗತಿ. ಆದುದರಿಂದ ಯಂತ್ರ ಹೇಳಿದ್ದಕ್ಕಿಂತ ಹೆಚ್ಚಿನ ಬೆಳಕನ್ನು ನಾವೇ ಕೊಡಬೇಕು. ಕ್ಯಾಮರಾದವರು ಬೆಳಕಿನ ಇಮ್ಮಡಿಗೆ ಒಂದು ಸ್ಟಾಪು ಎನ್ನುತ್ತಾರೆ. ಬಿಸಿಲು ಬಿದ್ದ ಹಿಮಕ್ಕೆ ಒಂದೂವರೆಯಿಂದ ಎರಡು ಸ್ಟಾಪು, ನಮ್ಮ ಮಂಜಿಗೆ ಅರ್ಧದಿಂದ ಒಂದು ಸ್ಟಾಪು ಏರಿಸಿದರೆ ಬಿಳುಪು ಬಿಳುಪಾಗಿಯೇ ಬರುತ್ತದೆ. ಬಹುಮಟ್ಟಿನ ಫೋನುಗಳಲ್ಲಿ ಪರದೆಯ ಮೇಲೆ ಬೆರಳು ಮುಟ್ಟಿಸಿದರೆ ಚಿಕ್ಕ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಮೇಲಕ್ಕೆ ಸರಿಸುವುದೇ ಈ ಕೆಲಸ.

ಇನ್ನು ಕೆಲವು ಸಣ್ಣ ನಿಯಮಗಳು ಎರಡು ಮಂಜುಗಳಿಗೂ ಸಮಾನ. ಮೊದಲನೆಯದು, ಫ್ಲ್ಯಾಶ್ ದೀಪವನ್ನು ಬೆಳಗಿಸಬಾರದು. ಮುಂದೆ ತೇಲುವ ಹನಿಗಳೋ ಬೀಳುವ ಹಿಮವೋ ಆ ಬೆಳಕನ್ನು ನಮ್ಮ ಮುಖಕ್ಕೇ ಎರಚಿ, ಪಟದ ತುಂಬ ಬಿಳಿಯ ಬೊಟ್ಟುಗಳನ್ನು ಇಡುತ್ತವೆ. ಎರಡನೆಯದು, ಬಿಳಿಯ ತೆರೆಯಲ್ಲಿ ಯಂತ್ರಕ್ಕೆ ದೃಷ್ಟಿ ನೆಡಲು ಹಿಡಿ ಸಿಕ್ಕುವುದಿಲ್ಲ. ಹತ್ತಿರದ ಒಂದು ಮರದ ಬೊಡ್ಡೆಯ ಅಂಚಿನ ಮೇಲೆ ಬೆರಳಿಟ್ಟು ಅಲ್ಲಿ ನೋಡೆಂದು ಹೇಳಬೇಕು. ಮೂರನೆಯದು, ಪೂರ್ತಿ ಬಿಳುಪಿನಲ್ಲಿ ಕಣ್ಣಿಗೆ ನಿಲ್ಲಲು ಒಂದು ಕಪ್ಪು ವಸ್ತು ಬೇಕು. ಹಿಮದ ನಾಡಿನಲ್ಲಿ ಅದು ಬೇಲಿಯ ಗೂಟವೋ ಕೆಂಪು ಕೋಟಿನ ಮಗುವೋ ಆಗುತ್ತದೆ; ಇಲ್ಲಿ ಎತ್ತಿನ ಗಾಡಿ, ಬಾವಿಯ ಕಟ್ಟೆ, ಸೋಗೆಯ ಹೊರೆ ಹೊತ್ತು ಬರುವ ಹೆಂಗಸು. ನಾಲ್ಕನೆಯದು, ಹೊರಗೆ ತಣ್ಣಗಾದ ಯಂತ್ರವನ್ನು ಬಿಸಿನೀರು ಕಾಯುತ್ತಿರುವ ಅಡಿಗೆಮನೆಗೆ ಥಟ್ಟನೆ ಒಯ್ದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಹೊರಗಿನಿಂದಲೇ ಇಟ್ಟು ತಂದು, ಮನೆಯ ಶಾಖಕ್ಕೆ ಹೊಂದಿಕೊಂಡ ಮೇಲೆ ತೆಗೆಯತಕ್ಕದ್ದು. ಕಡುಚಳಿಯ ದೇಶದಲ್ಲಿ ಬ್ಯಾಟರಿಯ ಕಸುವು ಬೇಗ ಕುಗ್ಗುವುದರಿಂದ ಫೋನನ್ನು ಒಳ ಅಂಗಿಯ ಜೇಬಿನಲ್ಲಿ ಬೆಚ್ಚಗಿಡಬೇಕು. ನಮ್ಮ ಚಳಿಗೆ ಆ ಭಯವಿಲ್ಲ.

ಇಷ್ಟು ಸುಲಭವಾಗಿ ಇಂದು ಆಗುವ ಕೆಲಸಕ್ಕೆ ಹಿಂದಿನವರು ಪಟ್ಟ ಪಾಡು ದೊಡ್ಡದು. ೧೮೬೩ರಲ್ಲಿ ಇಂಡಿಯಾಕ್ಕೆ ಬಂದ ಸ್ಯಾಮ್ಯುಯಲ್ ಬೋರ್ನ್ ಎಂಬ ಆಂಗ್ಲೇಯನು ಮೂರು ಸಲ ಹಿಮಾಲಯಕ್ಕೆ ಹೋದನು. ಆಗಿನ ಕ್ರಮದಲ್ಲಿ ಗಾಜಿನ ಹಲಗೆಗೆ ಔಷಧ ಬಳಿದು, ಅದು ಒಣಗುವ ಮೊದಲೇ ಪಟ ತೆಗೆದು, ಅಲ್ಲಿಯೇ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕಾಗಿತ್ತು. ಗಾಜು, ಔಷಧ, ಡೇರೆಗಳನ್ನೆಲ್ಲ ಕೂಲಿಯಾಳುಗಳು ಹೊತ್ತು ಸಾಗಬೇಕು. ೧೮೬೬ರಲ್ಲಿ ಅವನು ೧೮,೬೦೦ ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ನಿಂತು ಪಟ ತೆಗೆದನು. ಹಿಮದ ಬಿಳುಪನ್ನು ಗಾಜಿನ ಮೇಲೆ ಹಿಡಿದು ತಂದು ಕೆಳಗಿನ ಬಯಲಿನ ಜನಕ್ಕೆ ತೋರಿಸಿದವರಲ್ಲಿ ಅವನು ಪ್ರಮುಖನು.

ಇವನಿಗಿಂತಲೂ ನಮ್ಮ ತೋಟದವರಿಗೆ ಹತ್ತಿರದವನು ವಿಲ್ಸನ್ ಬೆಂಟ್ಲಿ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೋ ಎಂಬ ಹಳ್ಳಿಯ ರೈತ. ಎಲ್ಲಿಗೂ ಹೋಗದೆ, ತನ್ನ ಮನೆಯ ಅಂಗಳಕ್ಕೆ ಬೀಳುವ ಹಿಮವನ್ನೇ ಕಪ್ಪು ಹಲಗೆಯ ಮೇಲೆ ಹಿಡಿದು, ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ, ೧೮೮೫ರ ಜನವರಿ ೧೫ರಂದು ಒಂದು ಹಿಮದ ಹರಳಿನ ಪಟವನ್ನು ಮೊದಲ ಬಾರಿಗೆ ತೆಗೆದನು. ಉಸಿರು ತಾಕಿದರೂ ಕರಗುವ ವಸ್ತು ಅದು. ಸಾಯುವವರೆಗೂ ಬಿಡದೆ ೫೦೦೦ಕ್ಕೂ ಹೆಚ್ಚು ಹರಳುಗಳ ಪಟ ತೆಗೆದನು. ಇಬ್ಬನಿಯ ಹನಿಗಳನ್ನೂ ಬಿಡಲಿಲ್ಲ. ೧೯೩೧ರಲ್ಲಿ ಅವನ ಪಟಗಳ ದೊಡ್ಡ ಗ್ರಂಥ ಹೊರಬಂತು. ಅದೇ ವರ್ಷದ ಕೊನೆಯಲ್ಲಿ ಹಿಮದ ಬಿರುಗಾಳಿಯಲ್ಲಿ ನಡೆದು ಬಂದು ಕಾಯಿಲೆ ಬಿದ್ದು ತೀರಿಕೊಂಡನು. ಕರಗಿಹೋಗುವ ವಸ್ತುವಿನ ಗುರುತನ್ನು ಉಳಿಸುವುದು ಊರಿನಲ್ಲಿಯೇ ಇರುವವನ ಕೆಲಸ ಎಂಬುದನ್ನು ಆ ರೈತ ತೋರಿಸಿದನು. ದಾರಿಹೋಕನಿಗೆ ಒಂದು ಬೆಳಗ್ಗೆ ದೊರೆತರೆ, ಊರಿನವನಿಗೆ ಎಲ್ಲ ಬೆಳಗ್ಗೆಗಳೂ ಇವೆ.

ದಾರಿಹೋಕರಾಗಿ ಬರುವವರಿಗೂ ಕಲ್ಪತರು ನಾಡಿನಲ್ಲಿ ಮಂಜಿನ ಹೊತ್ತಿಗೆ ನೋಡತಕ್ಕ ಎಡೆಗಳು ಹಲವು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರನ ಗುಡಿಯಿದೆ. ಅದರ ಒಳಛಾವಣಿಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ನೋಡಿ ಬಂದು, ಅದೇ ಊರಿನಲ್ಲಿರುವ ಹೊಯ್ಸಳರ ಚೆನ್ನಕೇಶವ ದೇವಾಲಯವನ್ನು ಮಂಜಿನಲ್ಲಿ ಹೊರಗಿನಿಂದ ನೋಡಬೇಕು. ಬಿಸಿಲಿನಲ್ಲಿ ನೂರು ಕೆತ್ತನೆಗಳಾಗಿ ಕಣ್ಣನ್ನು ಚೆದರಿಸುವ ಕಲ್ಲು ಆಗ ಒಂದೇ ಆಕಾರವಾಗಿ ನಿಲ್ಲುತ್ತದೆ. ತುರುವೇಕೆರೆಯ ಮೂಲೆ ಶಂಕರೇಶ್ವರನ ಗುಡಿಗೂ ಈ ಮಾತು ಸಲ್ಲುತ್ತದೆ. ಚಿಕ್ಕನಾಯಕನಹಳ್ಳಿಯ ಕಡೆ ಗುಡ್ಡಗಳಿವೆ. ಅಲ್ಲಿ ಎತ್ತರದಲ್ಲಿ ನಿಂತು ನೋಡಿದರೆ ಮಂಜು ಕೆಳಗಿನ ತೋಟಗಳ ಮೇಲೆ ಕೆರೆಯ ನೀರಿನಂತೆ ಹರಡಿ, ಎತ್ತರದ ಮರಗಳ ತಲೆಗಳು ಮಾತ್ರ ಮೇಲೆದ್ದು ಕಾಣುತ್ತವೆ.

ಆ ತಾಲ್ಲೂಕಿನ ತೀರ್ಥಪುರ ೧೯೦೬ರಲ್ಲಿ ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದ ಊರು. ಮಾತು ಎಲ್ಲವನ್ನೂ ಬಿಚ್ಚಿ ಹೇಳದೆ ಸೂಚಿಸಿದಾಗ ಕಾವ್ಯಕ್ಕೆ ಬಲ ಬರುತ್ತದೆಂಬ ಧ್ವನಿಯ ತತ್ತ್ವವನ್ನು ಅವರ 'ಭಾರತೀಯ ಕಾವ್ಯಮೀಮಾಂಸೆ' ಕನ್ನಡದ ಓದುಗರಿಗೆ ತಿಳಿಯಾಗಿ ವಿವರಿಸಿತು. ಮಂಜಿನ ಪಟಕ್ಕೆ ಅದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಅರಿಯೆ. ನಾಲ್ಕನೆಯ ಸಾಲಿನ ಆಚೆ ತೋಟ ಎಷ್ಟು ದೂರ ಇದೆಯೆಂದು ಪಟ ಹೇಳುವುದಿಲ್ಲ. ನೋಡುವವರು ತಮ್ಮ ತಮ್ಮ ತೋಟವನ್ನು ಅಲ್ಲಿ ತುಂಬಿಕೊಳ್ಳುತ್ತಾರೆ.

ಈಗ, ಆಗಬೇಕಾದ ಕೆಲಸವೊಂದಿದೆ ಎಂದೆನಷ್ಟೆ, ಅದಕ್ಕೆ ಬರುತ್ತೇನೆ. ತೆಂಗಿನ ಮರ ತನ್ನ ಚರಿತ್ರೆಯನ್ನು ತನ್ನ ಮೈಮೇಲೆ ಬರೆದುಕೊಳ್ಳುತ್ತದೆ. ವರ್ಷಕ್ಕೆ ಹೆಚ್ಚುಕಡಮೆ ೧೨ ಗರಿಗಳು ಉದುರುತ್ತವೆ. ಉದುರಿದ ಪ್ರತಿ ಗರಿಯೂ ಬೊಡ್ಡೆಯ ಮೇಲೆ ಒಂದು ಬಳೆಯ ಗುರುತನ್ನು ಬಿಡುತ್ತದೆ. ಮಾವು ಹಲಸುಗಳ ಹಾಗೆ ಈ ಮರದ ಬೊಡ್ಡೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಬರಗಾಲದಲ್ಲಿ ನೀರಿಲ್ಲದೆ ಸೊರಗಿ ಒಂದೆಡೆ ಸಣ್ಣದಾಯಿತೆಂದರೆ, ಆಮೇಲೆ ಎಷ್ಟು ಮಳೆ ಬಂದರೂ ಆ ಸೊಂಟ ಹಾಗೆಯೇ ಉಳಿಯುತ್ತದೆ. ಮಂಜಿನಲ್ಲಿ ಒಂಟಿಯಾಗಿ ನಿಂತ ಮರದ ಪಟದಲ್ಲಿ ಆ ಸೊಂಟವು ಸ್ಪಷ್ಟವಾಗಿ ಕಾಣುತ್ತದೆ. ಮನೆಯ ಹಿರಿಯರು ಅದನ್ನು ನೋಡಿ "ಇದು ಇಂಥ ವರ್ಷದ ಬರ" ಎಂದು ಹೇಳಬಲ್ಲರು.

ಹೀಗೆ ಹೇಳಬಲ್ಲವರೂ, ಮರಗಳೂ, ಕಡಮೆಯಾಗುತ್ತಿದ್ದಾರೆ. ೧೯೯೮ರಲ್ಲಿ ಕೇರಳದಲ್ಲಿ ಕಂಡುಬಂದ ನುಸಿಪೀಡೆ ನಮ್ಮ ಸೀಮೆಗೂ ಹಬ್ಬಿ ಕಾಯಿಗಳನ್ನು ಕುಗ್ಗಿಸಿತು. ಕಾಂಡ ಸೋರುವ ರೋಗ, ಕಪ್ಪುತಲೆಯ ಹುಳು, ಆಳಕ್ಕಿಳಿದ ಬಾವಿಯ ನೀರು, ಇವು ಒಂದೊಂದೂ ತಮ್ಮ ಪಾಲನ್ನು ಕೇಳಿದವು. ತುಮಕೂರು-ಶಿವಮೊಗ್ಗ ಹೆದ್ದಾರಿ ಅಗಲವಾದಾಗ ಅಂಚಿನ ತೋಟಗಳು ಹಿಂದೆ ಸರಿದವು. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಕ್ಕೆ ಬಿದ್ದು ರೈತರು ಬೀದಿಗಿಳಿಯಬೇಕಾಯಿತು. ಆಮೇಲೆ ಬೆಲೆ ಏರಿದ್ದೂ ಉಂಟು. ಆದರೆ ಕೆಟ್ಟ ಕಾಲದಲ್ಲಿ ಕೈಬಿಟ್ಟ ತೋಟ ಒಳ್ಳೆಯ ಕಾಲ ಬಂದಿತೆಂದು ಹಿಂತಿರುಗಿ ಬರುವುದಿಲ್ಲ. ಅರುವತ್ತು ಎಪ್ಪತ್ತು ವರ್ಷದ ಮರವೊಂದು ಉರುಳಿದರೆ ಅದರ ಜೊತೆಗೆ ಅದನ್ನಿಟ್ಟವರ ಹೆಸರೂ ಉರುಳುತ್ತದೆ.

ನಮ್ಮ ಮನೆಗಳ ಗೋಡೆಗಳನ್ನು ನೋಡಿರಿ. ಮದುವೆಯ ಪಟವಿದೆ; ಮಗ ಪದವಿಯ ನಿಲುವಂಗಿ ತೊಟ್ಟ ಪಟವಿದೆ; ಹಿಮದಲ್ಲಿ ನಿಂತ ಮೊಮ್ಮಗಳ ಪಟವೂ ಇದೆ. ಈ ಎಲ್ಲದರ ವೆಚ್ಚವನ್ನು ಹೊತ್ತ ತೋಟದ ಪಟ ಮಾತ್ರ ಇಲ್ಲ. ದಿನವೂ ಕಾಣುವ ವಸ್ತುವಿಗೆ ಪಟವೇಕೆಂಬ ಔದಾಸೀನ್ಯ ಅದಕ್ಕೆ ಕಾರಣ. ದೂರದ ಹಿಮದ ನಾಡಿನಲ್ಲಿ ಬೆಳೆಯುವ ಮಕ್ಕಳು ಮುಂದೊಂದು ದಿನ "ನಮ್ಮ ತೋಟ ಹೇಗಿತ್ತು?" ಎಂದು ಕೇಳಿದಾಗ ತೋರಿಸಲು ಏನಾದರೂ ಇರಬೇಡವೆ?

ಈ ಧನುರ್ಮಾಸದಲ್ಲಿ ಒಂದು ತಣ್ಣನೆಯ ಬೆಳಗ್ಗೆ, ಹಿರಿಯರೊಬ್ಬರನ್ನು ಶಾಲು ಹೊದಿಸಿ ಜೊತೆಗೆ ಕರೆದುಕೊಂಡು, ತೋಟಕ್ಕೆ ಹೋಗಿರಿ. ಸೂರ್ಯ ಮರಗಳ ಹಿಂದೆ ಇರುವಂತೆ ನಿಲ್ಲಿರಿ. ಬೆಳಕನ್ನು ಸ್ವಲ್ಪ ಏರಿಸಿ ಹತ್ತಾರು ಪಟ ತೆಗೆಯಿರಿ. ಒಳ್ಳೆಯದೊಂದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಅದರ ಹಿಂಬದಿಗೆ ದಿನಾಂಕವನ್ನೂ, ಯಾವ ಮರವನ್ನು ಯಾರು ಇಟ್ಟರೆಂಬುದನ್ನೂ, ಆ ಹಿರಿಯರು ಹೇಳಿದ ಹಾಗೆ ಶಾಯಿಯಲ್ಲಿ ಬರೆದಿಡಿರಿ. ಮುಂದಿನ ವರ್ಷವೂ ಅದೇ ಎಡೆಯಲ್ಲಿ ನಿಂತು ಇನ್ನೊಂದು ತೆಗೆಯಿರಿ. ಅಷ್ಟು ಹೊತ್ತಿಗೆ ಮನೆಯಲ್ಲಿ ಹುಗ್ಗಿ ಬಿಸಿಯಾಗಿರುತ್ತದೆ. ತುಪ್ಪಕ್ಕೆ ಜಿಪುಣತನ ಮಾಡಬೇಡಿರಿ.